ಗೇಟು ಬುಟ್ಟಿತ್ತಾ, ಇಲ್ವಾ?

ಬೆಳಿಗ್ಗೆ ಆರೂವರೆಗೆ ಐದು ನಿಮಿಷ ಬಾಕಿ. ಗುಂಡ್ಲುಪೇಟೆಯ ಆಸ್ಪತ್ರೆಯೊಂದರ ತುರ್ತು ವಿಭಾಗದ ಬಾಗಿಲಿಗೆ ತರಕಾರಿ ಪಿಕಪ್ ಬಂದು ನಿಲ್ಲುತ್ತದೆ. ಹಿಂದೆ, ಖಾಲಿ ಚೀಲಗಳ ಮೇಲೆ ಲಾರಿ ಕ್ಲೀನರ್ ಮಹಾಲಿಂಗ ಫಿಟ್ಸ್ ಬಂದು ಸೆಟೆದುಕೊಂಡಿದ್ದಾನೆ. ಮುಷ್ಟಿಯಲ್ಲಿ ಲಾರಿಯ ಕೀ. ಕಬ್ಬಿಣ ಹಿಡಿಸಿದರೆ ಫಿಟ್ಸ್ ನಿಲ್ಲುತ್ತದೆಂದು ಡ್ರೈವರ್ ಗೌಸ್ ಮೊಹಿದ್ದೀನ್ ತಾವೇ ತುರುಕಿದ್ದು.

ಆಯಾ ಚಿಕ್ಕನಿಂಗಮ್ಮ ಅವನನ್ನು ಸ್ಟ್ರೆಚರ್ ಮೇಲೆ ಎಡಮಗ್ಗುಲಿಗೆ ಹೊರಳಿಸಿ, ನೊರೆ ಒರೆಸಿ, ಕೀ ಬಿಡಿಸಿಕೊಳ್ಳುತ್ತಾರೆ. ಯಾವಾಗ ಶುರುವಾಯಿತೆಂದು ಡಾಕ್ಟರ್ ಪ್ರಿಯಾಂಕ ಕೇಳಿದರೆ, ಈಗಷ್ಟೇ, ಊರೊಳಕ್ಕೆ ಬರುವಾಗ ಎನ್ನುತ್ತಾರೆ ಗೌಸ್. ಹಾಗಾದರೆ ಪಿಕಪ್ ಹತ್ತಿಸಿದ್ದು ಯಾಕೆ? ಮೊದಲೊಂದು ಸಲ ಬಂದು ನಿಂತಿತ್ತಂತೆ. ಅದು ಎಷ್ಟು ಹೊತ್ತಿಗೆ? ಗಡಿಯಾರ ನೋಡಿದವರು ಯಾರು!

ಚಿಕ್ಕನಿಂಗಮ್ಮ ಬಿಡುವುದಿಲ್ಲ. “ಆಗ ಬಂಡೀಪುರದ ಗೇಟು ಬುಟ್ಟಿತ್ತಾ, ಇಲ್ವಾ?”

“ಬುಟ್ಟಿರ್ನಿಲ್ಲ ಕಣಕ್ಕ. ಸಾಲಲ್ಲೇ ನಿಂತಿದ್ದೊ.”

“ಮಧ್ಯ ಕಣ್ಬುಟ್ಟು ಮಾತಾಡುದ್ನಾ?”

“ಇಲ್ಲ. ಬರೀ ಗೊರಕೆ.”

ಕಾಡಿನ ದಾರಿಗೆ ರಾತ್ರಿ ಮುಚ್ಚುವ ಆ ಗೇಟು ತೆರೆಯುವುದು ಆರಕ್ಕೆ. ಅಂದರೆ ಇಪ್ಪತ್ತೈದು ನಿಮಿಷಕ್ಕೂ ಹೆಚ್ಚು ಹೊತ್ತಿನಿಂದ ಮಹಾಲಿಂಗನಿಗೆ ಎಚ್ಚರವೇ ಇಲ್ಲ. ಐದು ನಿಮಿಷ ದಾಟಿದ ಫಿಟ್ಸೇ ಅಪಾಯ. ಇದು ಮಿದುಳಿಗೇ ಕುತ್ತು ತರುವಂಥದ್ದು. ಡಾಕ್ಟರ್ ಕೈ ಚುರುಕಾಗುತ್ತದೆ. ನರ್ಸ್ ಜಮೀಲಾ ಆಕ್ಸಿಜನ್ ಹಾಕಿ, ಬೆರಳು ಚುಚ್ಚಿ ಸಕ್ಕರೆ ನೋಡುತ್ತಾರೆ, ಸರಿಯಿದೆ. ನರಕ್ಕೆ ಇಂಜೆಕ್ಷನ್, ಬೆನ್ನಲ್ಲೇ ಡ್ರಿಪ್ಪಿನಲ್ಲಿ ಎರಡನೆಯ ಔಷಧಿ. ಮೈ ಅದುರುವುದು ನಿಧಾನವಾಗಿ ಇಳಿಯುತ್ತದೆ.

ಆಗಲೇ ಚಿಕ್ಕನಿಂಗಮ್ಮ ಕೀಯನ್ನು ಗೌಸ್ ಕೈಗಿಡುವುದು. “ಓಗಣ್ಣ, ಗೇಟ್ ತಾವ ನಿಂತಿರೋ ಲಾರಿ ತೆಗಿ. ಕೇರಳಕ್ಕೆ ಓಗೋರೆಲ್ಲ ನಿನ್ನಿಂದೆ ಆರನ್ ಒಡೀತಾ ಅವ್ರೆ.”

ಐವತ್ತೆರಡರ ಈ ಹೆಂಗಸು ಕುದೇರಿನವರು. ಇಲ್ಲಿ ಹತ್ತೊಂಬತ್ತು ವರ್ಷದ ದುಡಿಮೆ. ವಾರಕ್ಕೆ ನಾಲ್ಕೈದು ಫಿಟ್ಸ್ ಕೇಸು. ಹೊತ್ತನ್ನು ಹಾಲಿನ ವ್ಯಾನು, ಮಸೀದಿಯ ಬಾಂಗು, ಶಾಲೆಯ ಬೆಲ್ಲು ಹಿಡಿದೇ ಕೇಳಿ ತಿಳಿಯುತ್ತಾರೆ. ಅವರ ಬಲ ಅಂಗೈಯಲ್ಲಿ ಹೀಗೇ ಹಿಡಿಸಿದ ಬೀಗದ ಕೈ ಕೊರೆದ ಹಳೆಯ ಕಲೆಯಿದೆ. ಹದಿನಾಲ್ಕನೆಯ ವಯಸ್ಸಿನಿಂದ ಅವರಿಗೂ ಫಿಟ್ಸ್ ಬರುತ್ತಿತ್ತು. ಮದುವೆಯಾದ ಹೊಸತರಲ್ಲಿ ಮಾತ್ರೆಯನ್ನು ಬೇಳೆ ಡಬ್ಬದಲ್ಲಿ ಬಚ್ಚಿಟ್ಟು ನುಂಗಿದವರು.

ಎಂಟೂವರೆಗೆ ಮಹಾಲಿಂಗ ಕಣ್ಣು ತೆರೆದು ತನ್ನ ಹೆಸರು ಹೇಳುತ್ತಾನೆ. ಆಮೇಲೆ ತಡವರಿಸುತ್ತಾ ಇನ್ನೊಂದನ್ನೂ ಹೇಳುತ್ತಾನೆ: ಸಾಹುಕಾರರಿಗೆ ಗೊತ್ತಾದರೆ ಲಾರಿಯಿಂದ ಇಳಿಸುತ್ತಾರೆಂದು ತಿಂಗಳಿಂದ ಮಾತ್ರೆ ಬಿಟ್ಟಿದ್ದ. ಚಿಕ್ಕನಿಂಗಮ್ಮ ಬೈಯುವುದಿಲ್ಲ. ಬುತ್ತಿಯ ಚೀಲದಿಂದ ತಮ್ಮ ಮಾತ್ರೆ ತೆಗೆದು, ಅವನ ಎದುರಿಗೇ ನುಂಗಿ ನೀರು ಕುಡಿಯುತ್ತಾರೆ.

“ನೋಡ್ದಾ? ನಂಗೂ ಅದೆ. ಹದಿನೆಂಟು ವರ್ಸ ಆಯ್ತು, ಒಂದ್ಸಲನೂ ಬಂದಿಲ್ಲ. ನಿನ್ನ ಎತ್ತಿ ಮಲಗ್ಸಿದ್ದು ಈ ಕೈಯೇ ಕಣ್ಲಾ.”

ಅವನು ಆ ಕೈಯನ್ನೇ ನೋಡುತ್ತಾನೆ. ಸ್ಕ್ಯಾನಿಂಗಿಗೆಂದು ಚಾಮರಾಜನಗರಕ್ಕೆ ಆಂಬ್ಯುಲೆನ್ಸ್ ಹೊರಡುವ ಮುನ್ನ, ಮಾತ್ರೆಯ ಹೆಸರು ತಾನೇ ಕೇಳಿ ಬರೆಸಿಕೊಳ್ಳುತ್ತಾನೆ.

ಈ ಕೆಲಸದಲ್ಲಿ ಏನು ಸುಖ ಎಂದು ಕೇಳಿದರೆ, ಚಿಕ್ಕನಿಂಗಮ್ಮ ಸ್ಟ್ರೆಚರ್ ಒರೆಸುತ್ತಲೇ ಮೇಜಿನ ಮೇಲಿನ ಕೇಸ್ ಶೀಟ್ ಕಡೆ ಗದ್ದ ಎತ್ತಿ ತೋರಿಸುತ್ತಾರೆ.

“ನಂಗೆ ಓದಕ್ಕೆ ಬರಲ್ಲ ಕಣಪ್ಪ. ಆದ್ರೆ ಎಷ್ಟೊತ್ತಿಗೆ ಸುರುವಾಯ್ತು ಅಂತ ಮೇಲ್ಗಡೆ ಬರ್ದಿರ್ತಾರಲ್ಲ, ಆ ಮೊದಲ್ನೇ ಸಾಲು ನಂದು.”