ರಸ್ತೆ ಕಡೆಯ ಬಾಗಿಲು

ಸರ್ಕಾರಿ ಮಾನಸಿಕ ಆಸ್ಪತ್ರೆಯ ದೊಡ್ಡ ಡಾಕ್ಟರಮ್ಮನಿಗೆ ಗೋಡೆ ಕಂಡರೆ ಸಾಕು, ಅಲ್ಲೊಂದು ಬಾಗಿಲು ಕಾಣುತ್ತದೆ. ಯಾವ ಅಧಿಕಾರಿ ಬರಲಿ, ರಸ್ತೆ ಕಡೆಯ ಗೋಡೆಯೆದುರು ನಿಲ್ಲಿಸಿ, "ಇಗೋ, ಇಲ್ಲಿ ಬಾಗಿಲು ಬರುತ್ತೆ. ಆಮೇಲೆ ಬಡಾವಣೆಗೊಂದು ಚಿಕಿತ್ಸಾಲಯ, ಮನೆಮನೆಗೆ ಹೋಗೋ ನರ್ಸು" ಎಂದು ಕೈಬೀಸಿದರೆ, ಕೇಳಿದವರು ಇಲ್ಲದ ಬಾಗಿಲಿಗೆ ತಲೆ ಬಗ್ಗಿಸಿ ದಾಟುತ್ತಾರೆ. ಜನ ಬರುವುದೇನಿದ್ದರೂ ಹಿಂದಿನ ಓಣಿಯಿಂದ, ಮುಖಕ್ಕೆ ಕರವಸ್ತ್ರ ಅಡ್ಡ ಹಿಡಿದು. "ಹಲ್ಲು ನೋವಿಗೆ ರಾಜಾರೋಷವಾಗಿ ಹೋಗ್ತಾರೆ, ಮನಸ್ಸಿನ ನೋವಿಗೆ ಯಾಕೆ ಕಳ್ಳದಾರಿ?" ಎನ್ನುವುದು ಆಕೆಯ ನಿತ್ಯದ ಜಪ. "ನಿಮ್ಮ ಬಾಗಿಲಿಂದ ಒಂದು ನೊಣ ಬಂದ್ರೂ ನನ್ನ ಹೆಸರು ಬದಲಾಯ್ಸಿ" ಎನ್ನುವುದು ಚೀಟಿ ಬರೆಯುವ ಅಜ್ಜನ ಉತ್ತರ. ಅಂತೂ ಇಂತೂ ಗೋಡೆ ಒಡೆದು ಬಾಗಿಲಿಟ್ಟ ದಿನ, ಎದುರು ಫುಟ್‌ಪಾತಿನ ತುಂಬ ಜನ ಸೇರಿದರು; ಎಲ್ಲರೂ ಬಸ್ಸಿಗೆ ಕಾಯುವವರ ಹಾಗೆ ಆಕಾಶ ನೋಡುತ್ತ ನಿಂತರೇ ಹೊರತು ಒಬ್ಬರೂ ರಸ್ತೆ ದಾಟಲಿಲ್ಲ. ಈ ಬಾಗಿಲು ಸೋತರೆ ಮಿಕ್ಕ ಯೋಜನೆಗಳೆಲ್ಲ ನೀರುಪಾಲು. ಡಾಕ್ಟರಮ್ಮ ಬಿಳಿ ಕೋಟು ಕಳಚಿ ಅಜ್ಜನ ಮೇಜಿನ ಮೇಲಿಟ್ಟು, ಎದುರು ಬದಿಗೆ ಹೋಗಿ, ಎಲ್ಲರೂ ನೋಡುವಂತೆ ರಸ್ತೆ ದಾಟಿ ಒಳಬಂದು ಚೀಟಿಗೆ ಕೈಚಾಚಿದರು. "ಇದೇನು ನಾಟಕ, ತಾಯಿ?" ಎಂದ ಅಜ್ಜ. "ನಾಟಕ ಅಲ್ಲ ಅಜ್ಜ. ತಂಗಿ ಹೋದಾಗಿಂದ ನಾನೂ ಮಾತ್ರೆ ತಗೋತಿದೀನಿ. ಇಷ್ಟು ದಿನ ಅದಕ್ಕೆ ನಾನೂ ಕದ್ದು ಆ ಹಿಂದಿನ ಓಣಿಯಿಂದ್ಲೇ ಬರ್ತಿದ್ದೆ. ಮೊದಲನೇ ಚೀಟಿ ನಂದು, ಬರಿ" ಎಂದ ಆ ಗಟ್ಟಿ ದನಿ ಬೀದಿಗೆಲ್ಲ ಕೇಳಿಸಿತು. ಬೆನ್ನ ಹಿಂದೆ ಯಾರೋ ಕೆಮ್ಮಿದರು. ತಿರುಗಿ ನೋಡಿದರೆ, ಸಾಲು ಬಾಗಿಲು ದಾಟಿ ಬೀದಿಯುದ್ದಕ್ಕೂ ಬೆಳೆದಿತ್ತು. ಅಷ್ಟರಲ್ಲಿ ಎದುರು ಬದಿಗೆ ನಿಜವಾಗಿಯೂ ಬಸ್ಸು ಬಂತು; ಹತ್ತುವವರು ಒಬ್ಬರೂ ಇರಲಿಲ್ಲ.