ಬೇಲಿಗೆ ಕಟ್ಟಿದ ಕಹಿಬೇವು

ಭಟ್ಕಳದ ಹತ್ತಿರದ ನಮ್ಮ ಮನೆಯ ಅಂಗಳದಲ್ಲಿ ಅತ್ತೆ ಮಲ್ಲಿಗೆ ಬೆಳೆಸುತ್ತಾರೆ. ನಾನು ಜಗಲಿಯ ಮೇಲೆ ಕೂತು ಊರವರ ಬಟ್ಟೆ ಹೊಲಿಯುತ್ತೇನೆ. ತವರಿನಿಂದ ಒಂದು ಕರಿ ಆಡು ತಂದ ದಿನದಿಂದ ಅತ್ತೆಗೂ ಅದಕ್ಕೂ ಎಣ್ಣೆ ಸೀಗೆಕಾಯಿ. ಅವರು ಮೊಗ್ಗು ಬಿಡಿಸಲು ಹೋಗುವಷ್ಟರಲ್ಲಿ ಇದು ಬೇಲಿಯ ಸಂದಿಗೆ ಮೂತಿ ತೂರಿ ಚಿಗುರನ್ನೆಲ್ಲ ಎಳೆದಿರುತ್ತಿತ್ತು. "ಇದನ್ನ ಕುಮಟೆ ಸಂತೆಗೆ ಕಳಿಸೇ ಮಾರಾಯ್ತಿ" ಎಂದು ಅವರು ಗೊಣಗದ ದಿನವಿರಲಿಲ್ಲ.

ಮಳೆಗಾಲ ಮುಗಿಯುತ್ತ ಬಂದಾಗ ಆಡು ಬೇಲಿಯ ಕಡೆ ಬರುವುದನ್ನೇ ಬಿಟ್ಟಿತು. ಅದನ್ನು ಮೊದಲು ಗಮನಿಸಿದವರು ಅತ್ತೆಯೇ.

"ಎಂತ ಆತೇ ಇದಕ್ಕೆ? ನನ್ನ ಗಿಡ ಮುಟ್ಟೂದೇ ಇಲ್ಲ!"

ಹೋಗಿ ನೋಡಿದರೆ ಬೆನ್ನೆಲುಬು ಕೈಗೆ ಸಿಗುತ್ತಿತ್ತು, ಗದ್ದದ ಕೆಳಗೆ ಮೆತ್ತನೆಯ ಬಾವು. ಗಂಡನ ರಿಕ್ಷಾದಲ್ಲಿ ಹಿಂದಿನ ಸೀಟಿನ ಮೇಲೆ ಗೋಣಿ ಹಾಸಿ, ಆಡನ್ನು ಕೂರಿಸಿಕೊಂಡು ದನದ ಆಸ್ಪತ್ರೆಗೆ ಹೋದೆವು. ಡಾಕ್ಟರಮ್ಮ ಅದರ ಕೆಳರೆಪ್ಪೆಯನ್ನು ಹೊರಳಿಸಿ ತೋರಿಸಿದರು. ಕೆಂಪಗಿರಬೇಕಾದ ಜಾಗ ಸುಣ್ಣದಂತೆ ಬಿಳಿಚಿತ್ತು. ಹೊಟ್ಟೆಯ ಹುಳುಗಳು ರಕ್ತ ಹೀರಿದ್ದವು. ಅವರು ತೂಕ ನೋಡಿ ಔಷಧಿ ಕುಡಿಸಿದರು.

"ಇದನ್ನೇ ಮತ್ತೆ ಮತ್ತೆ ಕುಡಿಸ್ತಾ ಹೋದ್ರೆ ಹುಳುಗಳಿಗೆ ರೂಢಿ ಆಗ್ತದೆ," ಎಂದರು. "ಒದ್ದೆ ಹುಲ್ಲಿನ ಜೊತೆ ಹುಳುವಿನ ಮರಿಗಳು ಹೊಟ್ಟೆಗೆ ಹೋಗ್ತವೆ, ಇಬ್ಬನಿ ಆರಿದ ಮೇಲೆ ಮೇಯಲಿಕ್ಕೆ ಬಿಡಿ. ಒಗರು ಇರೋ ಹಲಸಿನ ಸೊಪ್ಪು ಕೊಡಿ. ಸ್ವಲ್ಪ ಕಹಿಬೇವನ್ನೂ ಕೊಟ್ಟು ನೋಡಿ. ಆಮೇಲೆ ಹಿಕ್ಕೆ ತನ್ನಿ, ಪರೀಕ್ಷೆ ಮಾಡುವ."

ಆಡು ಚೇತರಿಸಿಕೊಂಡಿತು. ಹಲಸಿನ ಸೊಪ್ಪನ್ನು ಖುಷಿಯಿಂದಲೇ ತಿಂದಿತು. ತೊಂದರೆ ಬಂದದ್ದು ಬೇವಿನಲ್ಲಿ. ಆಡು ಮುಟ್ಟದ ಸೊಪ್ಪಿಲ್ಲ ಎನ್ನುತ್ತಾರೆ. ನಮ್ಮದು ಮೂಸಿ, ಸೀನಿ, ನನಗೇ ಬೆನ್ನು ತಿರುಗಿಸಿತು. ಬೇವನ್ನು ಒಣಗಿಸಿ ಪುಡಿ ಮಾಡಿ, ಬೆಲ್ಲ ಮತ್ತು ತೌಡು ಸೇರಿಸಿ ಉಂಡೆ ಕಟ್ಟಿದೆ. ಬೆಲ್ಲವನ್ನಷ್ಟೇ ನೆಕ್ಕಿ ಉಳಿದದ್ದನ್ನು ಕಾಲಲ್ಲಿ ಒದ್ದಿತು. ಮಿಕ್ಕ ಉಂಡೆಗಳನ್ನು ಡಬ್ಬಿಯಲ್ಲಿಟ್ಟಿದ್ದೆ. ಗಂಡ ರಿಕ್ಷಾ ನಿಲ್ಲಿಸಿ ಬಂದವರೇ ತಂಬಿಟ್ಟು ಅಂದುಕೊಂಡು ಒಂದನ್ನು ಬಾಯಿಗೆ ಹಾಕಿಕೊಂಡರು. ಆ ಮುಖ ನೆನೆದರೆ ಈಗಲೂ ನಗು ತಡೆಯಲಾಗುವುದಿಲ್ಲ.

ಅತ್ತೆ ಮಾತ್ರ ನಗಲಿಲ್ಲ. ಆಡನ್ನೇ ನೋಡುತ್ತ ಕೂತಿದ್ದರು. "ಕೊಟ್ರೆ ತಿನ್ನೂದಿಲ್ಲ ಇದು. ಇದಕ್ಕೆ ಕದ್ದದ್ದೇ ಬೇಕು."

ಮರುದಿನ ಬೆಳಿಗ್ಗೆ ಮಲ್ಲಿಗೆ ಬೇಲಿಯ ಒಳಮಗ್ಗುಲಲ್ಲಿ, ಆಡಿನ ಮೂತಿಗೆ ಎಟಕುವಷ್ಟು ಎತ್ತರದಲ್ಲಿ, ಹಲಸಿನ ಸೊಪ್ಪಿನ ನಡುವೆ ಬೇವಿನ ಎಲೆ ಸೇರಿಸಿ ಒಂದು ಕಟ್ಟು ತೂಗುತ್ತಿತ್ತು. ಬಿಸಿಲೇರಿದ ಮೇಲೆ ಆಡನ್ನು ಬಿಟ್ಟೆ. ಅದು ನೇರ ಬೇಲಿಗೇ ಹೋಗಿ ಮೂತಿ ತೂರಿತು. ಅತ್ತೆ ಪೊರಕೆ ಎತ್ತಿಕೊಂಡು, "ಹಚಾ! ಯಾರದು ನನ್ನ ಗಿಡಕ್ಕೆ ಬಾಯಿ ಹಾಕೂದು!" ಎಂದು ಅಂಗಳವಿಡೀ ಕೇಳುವಂತೆ ಕೂಗಿದರು. ಆಡು ಗಾಬರಿಯಲ್ಲಿ ಬಾಯಿಗೆ ಸಿಕ್ಕಷ್ಟನ್ನೂ ಸೆಳೆದು ನುಂಗಿತು. ಅತ್ತೆ ಪೊರಕೆಯ ಮರೆಯಲ್ಲಿ ನನ್ನತ್ತ ಕಣ್ಣು ಮಿಟುಕಿಸಿದರು. ಆ ಬೈಗುಳದ ನಾಟಕ ವಾರಕ್ಕೊಮ್ಮೆ ತಪ್ಪದೆ ನಡೆಯಿತು.

ಆಮೇಲೆ ನಾನೂ ಅತ್ತೆಯೂ ಆಸ್ಪತ್ರೆಗೆ ಒಯ್ದ ಹಿಕ್ಕೆಯನ್ನು ಪರೀಕ್ಷಿಸಿದ ಡಾಕ್ಟರಮ್ಮ, ಹುಳುಗಳ ಮೊಟ್ಟೆಗಳು ಬಹಳ ಕಡಿಮೆ ಇವೆ, ಪೂರ್ತಿ ಹೋಗಿಲ್ಲ, ಈಗ ಔಷಧಿ ಬೇಡ ಎಂದರು. ಬೇವಿನಿಂದಲೋ, ಇಬ್ಬನಿ ತಪ್ಪಿಸಿದ್ದರಿಂದಲೋ ಹೇಳಲಾಗದು ಎಂದೂ ಸೇರಿಸಿದರು. "ಅಷ್ಟು ಕಹಿ ಹೇಗೆ ತಿನ್ನಿಸಿದ್ರಿ?" ಎಂದು ಕೇಳಿದಾಗ ಅತ್ತೆ ಅಲ್ಲೇ ಎದ್ದು ನಿಂತು, ಇಲ್ಲದ ಪೊರಕೆಯನ್ನು ಎತ್ತಿ ಕೂಗಿಯೇ ತೋರಿಸಿದರು. ಸಾಲಿನಲ್ಲಿದ್ದ ಎಮ್ಮೆಯೊಂದು ಹಗ್ಗ ಹರಿದುಕೊಂಡು ಗೇಟಿನವರೆಗೆ ಓಡಿತು.

ಬೇಸಿಗೆಯಲ್ಲಿ ಆಡು ಅವಳಿ ಮರಿ ಹಾಕಿತು. ಒಂದು ನನ್ನ ಮಿಷನ್ನಿನ ಕೆಳಗೆ ಚಿಂದಿಯ ಮೇಲೆ ಮಲಗುತ್ತದೆ. ಇನ್ನೊಂದನ್ನು ಅತ್ತೆ ಮಡಿಲಲ್ಲಿಟ್ಟುಕೊಂಡೇ ಹೂ ಕಟ್ಟುತ್ತಾರೆ.