ಬಂದೂಕು ತಾನೇ ತುಂಬ್ಕಂತೇನು?

ಮೊನ್ನೆ ದೀಪಾವಳಿಗೆ ಮೊಮ್ಮಗ ಅಂಗಳದಲ್ಲಿ ಕೇಪು ಜಜ್ಜುತ್ತಿದ್ದ. ಆಟದ ಪಿಸ್ತೂಲು ಕೊಡಿಸಲು ನಾನು ಬಿಟ್ಟಿರಲಿಲ್ಲ, ಅದಕ್ಕೇ ಕಲ್ಲಿನ ಮೇಲೆ ಇಟ್ಟು ಕಲ್ಲಿನಿಂದಲೇ ಹೊಡೆಯುತ್ತಿದ್ದ. ಸುಟ್ಟ ಮದ್ದಿನ ವಾಸನೆ ಒಲೆಯ ತನಕ ಬಂತು. ಹೋಳಿಗೆ ತಟ್ಟುತ್ತಿದ್ದ ಕೈ ಅಲ್ಲೇ ನಿಂತಿತು. ಆ ವಾಸನೆಯನ್ನು ನಾನು ಪಕ್ಕದ ಮನೆಯ ನಡುಮನೆಯಲ್ಲಿ ಒಮ್ಮೆ ಕುಡಿದಿದ್ದೇನೆ...

ಅದೇ ಸಂಜೆ ಟಿವಿಯಲ್ಲಿ ಎಲ್ಲಿಯದೋ ಸುದ್ದಿ. ಅಪ್ಪ ಇಟ್ಟಿದ್ದ ಬಂದೂಕಿನಿಂದ ಮಗು ಸತ್ತಿತ್ತು, ಅಪ್ಪನ ಮೇಲೆ ಕೇಸು ಹಾಕಿದ್ದರು. ಸೊಸೆ ಕಣ್ಣೊರೆಸಿಕೊಂಡು, "ಮಗು ಕಳ್ಕಂಡೋನ್ನ ಜೈಲಿಗೆ ಬೇರೆ ಹಾಕ್ತಾರಾ ಅತ್ತೆ? ಕರುಳಿಲ್ವಾ ಇವ್ರಿಗೆ?" ಅಂದಳು.

"ಕೇಸು ಹಾಕ್ಬೇಕು" ಅಂದೆ.

ಅವಳು ನನ್ನನ್ನು ರಾಕ್ಷಸಿಯನ್ನು ನೋಡಿದ ಹಾಗೆ ನೋಡಿದಳು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ನಾನು ಓದಿದ್ದು ನಾಲ್ಕನೇ ಕ್ಲಾಸು. ಕಾನೂನು ಗೊತ್ತಿಲ್ಲ. ಪಕ್ಕದ ಮನೆಯಾಕೆ ಗೊತ್ತು.

ರಾಮಗಿರಿ ಗುಡ್ಡದ ಮಗ್ಗುಲಿನ ಊರು ನಮ್ಮದು. ಆಕೆಗೂ ನನಗೂ ನಡುವೆ ಒಂದು ಗೋಡೆ, ಗೋಡೆಯ ಆಚೆ ಈಚೆ ಜಗಳ. ಆಕೆ ಶೇಂಗಾ ಒಣಹಾಕಿದರೆ ನನ್ನ ಕೋಳಿಗಳು ಅಲ್ಲೇ ಹೋಗುತ್ತಿದ್ದವು. "ಅಕ್ಕಾ, ನಿನ್ನ ಕೋಳಿಗೆ ಕಾಳು ಹಾಕಾಕೆ ಗತಿ ಇಲ್ಲ ಅಂದ್ರೆ ಹೇಳು, ನಾನೇ ಸಾಕ್ಕಂತೀನಿ, ಮೊಟ್ಟೆ ಮಾತ್ರ ಕೇಳ್ಬೇಡ" ಅನ್ನುವಳು. ಬಾಯಿ ಅಂದರೆ ಬಾಯಿ. ಒಳ್ಳೆಯವಳು ಎಂದು ನಾನೇನೂ ಹೇಳುವುದಿಲ್ಲ. ಸುಳ್ಳು ಹೇಳುತ್ತಿರಲಿಲ್ಲ, ಅಷ್ಟೇ.

ಆಕೆಯ ಗಂಡನ ಹತ್ತಿರ ಅವರಪ್ಪನ ಕಾಲದ ಬಂದೂಕಿತ್ತು. ಬೆಳೆ ಕಾಯುವುದಕ್ಕೆ ಲೈಸೆನ್ಸು ಇದ್ದದ್ದು. ಮೂತಿಯಿಂದ ಮದ್ದು, ಸೀಸದ ಚರೆ ಹಾಕಿ ಸರಳಿನಿಂದ ಜಡಿಯಬೇಕು, ಹಿಂದೆ ಸುತ್ತಿಗೆಯ ಹಾಗೆ ಬಡಿಯುವ ಕುದುರೆಯ ಕೆಳಗೆ, ಮದ್ದಿಗೆ ಕಿಡಿ ಕೊಡುವ ಕೇಪು ಕೂರಿಸಬೇಕು. ಮೆಕ್ಕೆಜೋಳಕ್ಕೆ ಗುಡ್ಡದ ಹಂದಿ ಇಳಿದರೆ ಒಂದು ಸಲ ಹಾರಿಸಿದರೆ ಸಾಕು. ಅದಕ್ಕೆ ಯಾರೂ ಬೇಡ ಅಂದಿರಲಿಲ್ಲ.

ನಮ್ಮ ಕಡೆ ದೇವರ ಮುಂದೆ ಯಾವುದನ್ನೂ ಬರಿದು ಇಡುವುದಿಲ್ಲ. ಕಳಶದಲ್ಲಿ ನೀರಿರಬೇಕು, ಮೊರದಲ್ಲಿ ಕಾಳಿರಬೇಕು, ದೀಪದಲ್ಲಿ ಎಣ್ಣೆ ಇರಬೇಕು. ಆ ಮನೆಯಲ್ಲಿ ಬಂದೂಕಿಗೂ ಅದೇ ಲೆಕ್ಕ. ಆಯುಧಪೂಜೆಗೆ ಮದ್ದು ತುಂಬಿಯೇ ಇಡುವುದು, ಮರುದಿನ ಬನ್ನಿ ಕೊಟ್ಟು ತಗೊಂಡ ಮೇಲೆ ಊರಾಚೆ ಹೋಗಿ ಆಕಾಶಕ್ಕೆ ಹಾರಿಸಿ ಬರಿದು ಮಾಡುವುದು. ಕೇಪನ್ನು ಮಾತ್ರ ಹಾರಿಸುವಾಗಲೇ ಹಾಕುತ್ತಿದ್ದರು. ನಮ್ಮ ಮಕ್ಕಳು ಚಿಕ್ಕವರಿದ್ದಾಗ ಒಂದು ವರ್ಷ ಆತ ಕೇಪನ್ನೂ ಕೂರಿಸಿಬಿಟ್ಟಿದ್ದ. ಪೂಜೆಗೆ ಇಟ್ಟದ್ದು ಎಲ್ಲ ಪೂರ್ತಿ ಇರಲಿ ಅಂತ. ಯಾರಿಗೂ ಹೇಳಿರಲಿಲ್ಲ.

ಪೂಜೆಗೆ ಇಟ್ಟದ್ದನ್ನು ಯಾರೋ ಒಬ್ಬರು ಮಡಿಯಲ್ಲಿ ಕದಲಿಸುವ ತನಕ ಮುಟ್ಟುವ ಹಾಗಿಲ್ಲ. ಮರುದಿನ ಬೆಳಿಗ್ಗೆ ತನ್ನ ಮಗಳಿಗೆ ತಲೆಗೆ ನೀರು ಹಾಕಿ, "ಹೋಗವ್ವ, ಈ ಸಲ ನೀನೇ ಕದಲಿಸು" ಎಂದು ಆಕೆಯೇ ಕಳಿಸಿದಳು. ಹುಡುಗಿಗೆ ಅದು ದೊಡ್ಡ ಪದವಿ. ಎರಡು ಮನೆಗೂ ಕೇಳುವ ಹಾಗೆ, "ದೊಡ್ಡಮ್ಮಾ, ಇವತ್ತು ನಾನೇ ಕದಲಿಸೋದು" ಎಂದು ಗೋಡೆಯಾಚೆಯಿಂದ ನನಗೂ ಕೂಗಿ ಹೇಳಿದಳು. ಕುಡುಗೋಲು ಎತ್ತಿಟ್ಟಳು, ಮಚ್ಚು ಎತ್ತಿಟ್ಟಳು. ಬಂದೂಕು ಅವಳಿಗಿಂತ ಉದ್ದ. ಮೂತಿ ಹಿಡಿದು ತನ್ನ ಕಡೆಗೆ ಎಳೆದುಕೊಂಡಿದ್ದಾಳೆ. ಕುದುರೆ ಹೂವಿನ ಹಾರದ ದಾರಕ್ಕೆ ಸಿಕ್ಕಿತ್ತು...

ನಾನು ಓಡಿಹೋದಾಗ ಮನೆ ತುಂಬ ಹೊಗೆ. ಉಳಿದದ್ದನ್ನು ಬರೆಯುವುದಿಲ್ಲ.

ಪೊಲೀಸರು ಬರುವ ಮೊದಲೇ ಊರ ಗೌಡರು, ಹಿರಿಯರು ಅವರ ಜಗಲಿಯಲ್ಲಿ ಸೇರಿದರು. ಕೆಟ್ಟವರಲ್ಲ. ಆತನನ್ನು ಉಳಿಸಬೇಕು ಎಂದೇ ಬಂದವರು. ಬಂದೂಕು ಗೋಡೆಯ ಗೂಟದಿಂದ ತಾನೇ ಬಿತ್ತು, ತಾನೇ ಹಾರಿತು, ಹಾಗೆ ಹೇಳೋಣ ಎಂದು ಮಾತಾಯಿತು. ಗೌಡರು ಆಕೆಯನ್ನು ಕರೆದು, "ನೋಡವ್ವ, ಹೋದ ಮಗು ಬರಲ್ಲ. ಇರೋ ಗಂಡನ್ನ ಉಳಿಸ್ಕ. ಬಂದೂಕು ತಾನೇ ಹಾರ್ತು ಅಂತ ಒಂದ್ಮಾತು ಹೇಳಿದ್ರೆ ಮುಗೀತು" ಅಂದರು.

ಅಲ್ಲಿಯವರೆಗೆ ಗೋಡೆಗೆ ಒರಗಿದ್ದವಳು ಎದ್ದು ಕುಂತಳು.

"ತಾನೇ ಹಾರ್ತು, ಆಯ್ತು ಗೌಡ್ರೆ. ತಾನೇ ತುಂಬ್ಕಂತೇನು?"

ಆಕೆ, ನನ್ನ ಸೆರಗು ಹಿಡಿದು ನಿಂತಿದ್ದ ನನ್ನ ಮಗಳ ಕಡೆ ಕೈ ತೋರಿಸಿದಳು. "ಅಕ್ಕನ ಮಗಳೂ ದಿನಾ ಇಲ್ಲೇ ಆಡ್ತಿದ್ಲು. ಅವಳಿಗೆ ಬಿದ್ದಿದ್ರೆ ಏನಂತಿದ್ರಿ? ನನ್ನ ಗಂಡನ್ನ ಕಂಬಕ್ಕೆ ಕಟ್ತಿದ್ರಿ. ನನ್ನ ಮಗಳಿಗೆ ಬಿತ್ತು, ಅದಕ್ಕೆ ಪಾಪ ಅವನೇ ಕಳ್ಕಂಡ ಅಂತೀರಿ. ಅವಳೇನು ಅವನ ಕುರೀನಾ, ಸತ್ರೆ ಅವನಿಗೇ ಲುಕ್ಸಾನು ಅನ್ನಾಕೆ?"

"ದೇವ್ರು ಕೊಟ್ಟ ಶಿಕ್ಷೆ ಸಾಲ್ದೇನವ್ವ?" ಎಂದರು ಒಬ್ಬರು.

"ದೇವ್ರು ಶಿಕ್ಷೆ ಕೊಟ್ಟಿದ್ದು ಅವಳಿಗೆ. ನಮಗಲ್ಲ" ಅಂದಳು.

ಠಾಣೆಯಿಂದ ದಫೇದಾರ ಬಂದ. ನಿಜ ಇದ್ದದ್ದು ಇದ್ದ ಹಾಗೆ ಹೇಳಿದಳು. "ಮದ್ದು ತುಂಬಿದ್ದು ಇವ್ರು. ಕದಲಿಸು ಅಂತ ಕಳ್ಸಿದ್ದು ನಾನು. ತುಂಬೈತೆ ಅಂತ ಗೊತ್ತಿತ್ತು, ಕೇಪು ನೋಡ್ಲಿಲ್ಲ. ಇಬ್ರ ಹೆಸ್ರೂ ಬರ್ಕಳ್ರಿ."

"ಲೈಸೆನ್ಸ್ ನಿಮ್ಮ ಯಜಮಾನ್ರದ್ದು ತಾಯಿ. ನಿಮ್ಮೆಸ್ರು ಯಾಕೆ?"

"ಮಗಳು ಇಬ್ರಿಗೂ ಅಲ್ಲೇನಪ್ಪ?"

ಆತ ಬರೆದುಕೊಂಡದ್ದು ಗಂಡನ ಹೆಸರೊಂದನ್ನೇ. ಅದಕ್ಕೂ ಜಗಳ ಮಾಡಿದಳು. ಅಷ್ಟೆಲ್ಲ ಆಗುವಾಗ ಆ ಗಂಡಸು ತಲೆ ಎತ್ತಲಿಲ್ಲ.

ಆಮೇಲೆ ಊರು ಆಕೆಯನ್ನು ಬಿಟ್ಟಿತು. ಬಾವಿಕಟ್ಟೆಯಲ್ಲಿ ಹೆಂಗಸರು ಕೊಡ ಸರಿಸಿಕೊಂಡು ನಿಲ್ಲುತ್ತಿದ್ದರು. ಗಂಡನನ್ನು ತಿಂದವಳು ಅಂದರು, ಗಂಡ ಬದುಕಿದ್ದಾಗಲೇ. ಚಿತ್ರದುರ್ಗದ ಕೋರ್ಟಿಗೆ ಸಾಕ್ಷಿ ಹೇಳಲು ನನ್ನನ್ನೂ ಕರೆದರು. ನಮ್ಮ ಯಜಮಾನರು ಬೇಡ ಅಂದರು, ನಾನು ಹೋದೆ. ಕಂಡದ್ದು ಹೇಳಿದೆ. ಆತನಿಗೆ ಶಿಕ್ಷೆಯಾಯಿತು. ದೊಡ್ಡದೇನೂ ಅಲ್ಲ, ಆದರೂ ಜೈಲು ಜೈಲೇ. ಆಕೆ ಜೋಳದ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಬಸ್ಸಿಗೆ ಹೋಗಿ ನೋಡಿ ಬರುತ್ತಿದ್ದಳು.

"ತಾನೇ ಒಳಗೆ ಹಾಕ್ಸಿ ತಾನೇ ಬುತ್ತಿ ಒಯ್ತಾಳಲ್ಲ, ಏನು ನಾಟಕ" ಎಂದು ಬಸ್ಸಿನಲ್ಲಿ ಯಾರೋ ಅಂದದ್ದಕ್ಕೆ ತಿರುಗಿ, "ಕೇಸು ಬೇರೆ, ಹಸಿವು ಬೇರೆ. ಸರ್ಕಳ್ರಿ, ಕುಂತ್ಕಬೇಕು" ಅಂದಳಂತೆ.

ಆತ ತಿರುಗಿ ಬಂದ ಮೇಲೂ ಅದೇ ಮನೆಯಲ್ಲಿ ಇಬ್ಬರೂ ಬಾಳಿದರು. ಗೋಡೆಯಾಚೆ ಬಹಳ ಕಾಲ ಬರೀ ತಟ್ಟೆಯ ಸದ್ದು ಕೇಳಿಸುತ್ತಿತ್ತು. ಆಮೇಲೆ ಯಾವಾಗಲೋ ಮಾತು ಶುರುವಾಯಿತು... ಯಾವತ್ತು ಎಂದು ನಾನು ಗಮನಿಸಲಿಲ್ಲ. ಊರಿನಲ್ಲಿ ಇನ್ನೂ ಬಂದೂಕುಗಳಿವೆ, ಹಂದಿ ಬೆಳೆ ಬಿಟ್ಟು ಹೋಗಬೇಕಲ್ಲ. ಪೂಜೆಗೆ ಮಾತ್ರ ಎಲ್ಲರೂ ಬರಿದು ಇಡುತ್ತಾರೆ. ಯಾವ ದೇವರೂ ಇದುವರೆಗೆ ಮುನಿದಿಲ್ಲ.

ಸೊಸೆಗೆ ಹೇಳುವುದು ಇಷ್ಟೇ. ಎಷ್ಟು ದಿನ ಒಳಗಿಡಬೇಕು, ಇಡಬೇಕೋ ಬೇಡವೋ, ಅದು ಜಡ್ಜು ನೋಡಿಕೊಳ್ಳಲಿ. ತುಂಬಿದ್ದು ಯಾರು ಎಂದು ಕೇಳುವುದಂತೂ ಕೇಳಬೇಕು. ಹೆತ್ತವರು ಅತ್ತರು ಎಂದು ಕೇಳದೆ ಬಿಟ್ಟರೆ, ಸತ್ತ ಮಗುವಿನ ಪರವಾಗಿ ಈ ಲೋಕದಲ್ಲಿ ಒಬ್ಬರೂ ಮಾತಾಡಿದ ಹಾಗಾಗುವುದಿಲ್ಲ. ಇದಕ್ಕೆ ಕರುಳಿಲ್ಲದವಳು ಅಂದರೆ ಅನ್ನಿಸಿಕೊಳ್ಳುತ್ತೇನೆ.

ಹೋದ ಬೇಸಿಗೆಯಲ್ಲಿ ಆಕೆ ತೀರಿಕೊಂಡಳು. ಕಾರ್ಯವೆಲ್ಲ ಮುಗಿದ ಮೇಲೆ ಆತ ಬಂದು ನಮ್ಮ ಜಗಲಿಯಲ್ಲಿ ಕುಂತ. ನನಗೆ ಸಮಾಧಾನ ಹೇಳಲು ಬರುವುದಿಲ್ಲ, ಟೀ ಕೊಟ್ಟೆ. ಲೋಟ ಬರಿದಾದ ಮೇಲೆ ಆತ, "ಊರೆಲ್ಲ ವಿಧಿ ಅಂತು ಅಕ್ಕ. ಆಕೆ ಒಬ್ಳೇ 'ನೀನು' ಅಂದ್ಲು. ಇನ್ನು ಅನ್ನೋರಿಲ್ಲ" ಅಂದ.

"ನಾನಿದೀನಲ್ಲ, ಅಂತೀನಿ ಬಿಡು" ಅಂದೆ.

ಆತ ಸ್ವಲ್ಪ ನಕ್ಕ ಹಾಗೆ ಮಾಡಿ ಎದ್ದು ಹೋದ. ಅಂದೆನೇನೋ ನಿಜ. ಆದರೆ ಆಕೆ ಅಂದ ಹಾಗೆ ಅನ್ನಲು ನನ್ನಿಂದ ಆಗುವುದಿಲ್ಲ. ಆಕೆ 'ನೀನು' ಅಂದದ್ದು 'ನಾನೂ' ಎಂದು ಸೇರಿಸಿಕೊಂಡು.